ಉಜ್ಜಿದ ಕೈ

ಮುಷ್ಟಿಯಲ್ಲಿ ಇನ್ನೂ ಆ ಬಟ್ಟೆಯ ಚೂರು, ಹಿತ್ತಾಳೆ ಉಜ್ಜುವ ಪುಡಿಯ ವಾಸನೆ, ಬಿಸಾಡಬೇಕು ಅಂದುಕೊಂಡರೂ ಬೆರಳು ಬಿಚ್ಚುತ್ತಿಲ್ಲ — ಪೊಲೀಸರು ಬೀದಿಗೆ ಅಡ್ಡ ಕಟ್ಟಿದ ಹಗ್ಗದಾಚೆ ಅವಳ ಮನೆ ಯಾರದೋ ಮನೆಯಂತೆ ಬಾಗಿಲು ತೆರೆದುಕೊಂಡು ನಿಂತಿದೆ, ಹಾಲು ಒಲೆಯ ಮೇಲಿತ್ತೇ, ಇಲ್ಲ, ಒಲೆಯೇ ಕೆಟ್ಟಿತ್ತು, ಅದಕ್ಕೇ ಅಲ್ಲವೇ ಸ್ಟೌ ರಿಪೇರಿಯವನು ಬಂದದ್ದು, ಹಿಂದೆ ಮಿಲಿಟರಿಯಲ್ಲಿದ್ದವನಂತೆ, ನಡುಮನೆಯ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಾಗಿಟ್ಟ ಅದನ್ನು ಅವಳು ಕೂತು ಉಜ್ಜುವುದು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟ, ಅಮ್ಮಾ, ಮೆಲ್ಲಗೆ ಕೈ ತೆಗೀರಿ, ಅದು ಸಿಡಿಯದೆ ಉಳಿದ ಫಿರಂಗಿ ಗುಂಡು, ಎತ್ತಬೇಡಿ, ಸರಿಸಬೇಡಿ, ಇದ್ದಲ್ಲೇ ಇರಲಿ, ಎಲ್ಲರೂ ಹೊರಗೆ ನಡೀರಿ, ಫೋನು ದೂರ ಹೋಗಿ ಮಾಡೋಣ — ಅವನ ಮಾತು ಮುಗಿಯುವಷ್ಟರಲ್ಲಿ ಗಂಡ ಚಪ್ಪಲಿ ಮೆಟ್ಟಿ ಗೇಟು ದಾಟಿಯಾಗಿತ್ತು, ಮಂಡಿನೋವೆಂದು ಒಂದು ಲೋಟ ನೀರಿಗೂ ಅವಳನ್ನೇ ಕೂಗುವ ಮನುಷ್ಯ.

ಮೂವತ್ತೊಂದು ವರ್ಷ. ಮದುವೆಯಾಗಿ ಬಂದ ವಾರವೇ ಅತ್ತೆ ಬಟ್ಟೆ ಕೈಗಿತ್ತು ಹೇಳಿದ್ದು, ನಿಮ್ಮ ಮಾವ ಯುದ್ಧದಿಂದ ತಂದದ್ದು ಕಣೇ, ಮೂತಿಯಲ್ಲಿ ಮುಖ ಕಾಣಬೇಕು ಹಾಗೆ ಉಜ್ಜು, ಕಂಡಿತು, ಹಿತ್ತಾಳೆಯ ಮೂತಿಯಲ್ಲಿ ಸೌಟಿನ ಬೆನ್ನಲ್ಲಿ ಕಂಡಂತೆ ಉದ್ದಕ್ಕೆ ಎಳೆದ ಮುಖ, ಪ್ರತಿ ಶನಿವಾರ ಕಂಡಿತು, ಬಸುರಿಯಾಗಿದ್ದಾಗ ತೊಡೆಗಳ ನಡುವೆ ಇಟ್ಟುಕೊಂಡರೆ ಹೊಟ್ಟೆಗೆ ತಣ್ಣಗೆ ತಾಗುತ್ತಿತ್ತು, ಒಳಗಿಂದ ಮಗು ಒದೆಯುತ್ತಿತ್ತು. ಆ ಮಗಳು ಅಂಬೆಗಾಲಿಡುತ್ತ ಅದರ ಕಡೆ ಹೋದಾಗ ಗಂಡ ಹೌಹಾರಿ ಎತ್ತಿಕೊಂಡದ್ದು, ಮಗೂನ ಅದರ ಹತ್ತಿರ ಬಿಡಬೇಡ್ವೇ, ಅಂದೇ ತೊಟ್ಟಿಲನ್ನು ಹಿಂದಿನ ಕೋಣೆಗೆ ಎಳೆದದ್ದು, ಎಂಥ ಅಕ್ಕರೆಯ ಅಪ್ಪ ಅಂದುಕೊಂಡಿದ್ದಳು, ಕಾಲ ಮೇಲೆ ಬಿದ್ದೀತು ಅಂತ ಹೆದರಿದ, ಪಾಪ — ತಾನೆಂಥ ಪೆದ್ದಿ, ಕಾಲ ಮೇಲಂತೆ!

ಬಾಂಬು ದಳದ ದಪ್ಪ ಕೋಟಿನ ಅಧಿಕಾರಿ ಒಳಗೆ ಹೋಗಿ ಬಂದ, ಬೆವರೊರೆಸಿಕೊಂಡ, ಮೂತಿ ಮೇಲೆ ಅಂಕಿ, ಅಕ್ಷರ ಕೊರೆದಿರ್ತಾರಮ್ಮ, ಅದನ್ನ ಓದಿದ್ರೆ ಎಂಥದ್ದು ಅಂತ ತಿಳೀತಿತ್ತು, ಒಂದೂ ಉಳಿದಿಲ್ಲ, ಯಾರು ಹೀಗೆ ಉಜ್ಜಿದ್ದು? ಇವಳೇ ಸಾರ್, ಗಂಡ ಬೆರಳು ತೋರಿಸಿದ, ಹೇಳಿದ್ರೆ ಕೇಳೋಳಲ್ಲ — ಯಾವತ್ತು, ಯಾವತ್ತು ಹೇಳಿದ್ದ ಅವಳಿಗೆ? ಹಾಗಾದ್ರೆ ನಿಮಗೆ ಗೊತ್ತಿತ್ತಾ, ಅಂದ ಅಧಿಕಾರಿ. ಗಂಡ ತಲೆ ಕೆರೆದುಕೊಂಡ, ನಮ್ಮ ಮದುವೆಯಾದ ವರ್ಷ ಅಪ್ಪ ಸಾಯೋ ಮುಂಚೆ ಅಂದಿದ್ರು, ಒಳಗೆ ಮದ್ದು ಇದ್ರೂ ಇರಬಹುದು ಅಂತ, ನಾನಂತೂ ಒಂದಿನಾನೂ ಮುಟ್ಟಿಲ್ಲ ಸಾರ್.

ಹೌದು, ಮುಟ್ಟಿಲ್ಲ. ಬಾಗಿಲು ಹಾಕಬೇಕಾದರೆ ಅವಳನ್ನು ಕೂಗುತ್ತಿದ್ದ, ಸ್ವಲ್ಪ ಅದನ್ನ ಸರಿಸೇ. ಮರಳು ಮೂಟೆಗಳು ಒಳಗೆ ಹೋಗುತ್ತಿವೆ, ಕದಲಿಸೋಕಾಗಲ್ಲ, ಅಲ್ಲೇ ಸಿಡಿಸಬೇಕಾಗಬಹುದು, ಯಾರೋ ಅನ್ನುತ್ತಾರೆ, ಹಿಂದಕ್ಕೆ ಬಾರೇ, ಅಪಾಯ, ಗಂಡ ತೋಳು ಹಿಡಿಯುತ್ತಾನೆ, ಅಪಾಯ, ಈಗ ಬಂತು ಬಾಯಿಗೆ ಆ ಮಾತು, ಅವಳು ತೋಳು ಕೊಡವಿಕೊಳ್ಳುತ್ತಾಳೆ, ಮುಷ್ಟಿಯೊಳಗೆ ಹೆಬ್ಬೆರಳು ತಾನಾಗಿ ಬಟ್ಟೆಯನ್ನು ಸುತ್ತ ಉಜ್ಜುತ್ತಿದೆ, ಸುತ್ತ, ಸುತ್ತ, ಅಲ್ಲಿ ನಡುಮನೆಯ ಅರೆಗತ್ತಲಲ್ಲಿ, ಬೆಳಿಗ್ಗೆ ತಾನೇ ಹೊಳಪೇರಿಸಿದ ಮೂತಿಯಲ್ಲಿ, ಉದ್ದಕ್ಕೆ ಎಳೆದ ಆ ಮುಖ, ಒಂದು ಅಕ್ಷರವೂ ಉಳಿಯದ ಆ ಮುಖ —