ಮನೆಯೋರು ಗಡಿಯಾರ ನೋಡಲ್ಲ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಎಲ್ಲರೂ ಹೇಳುತ್ತಾರೆ. ಇರಲಿ. ನಾನು ಆಡಿದ ಮಾತನ್ನು ತಲೆಕೆಳಗು ಮಾಡಿ ಊರಿಗೆಲ್ಲ ಹಂಚುತ್ತಿರುವಾಗ ಕೋಪವಲ್ಲದೆ ಇನ್ನೇನು ಬರಬೇಕು?

ನಾನು ಸಿನಿಮಾಗಳಿಗೆ ಧ್ವನಿ ಕೊಡುತ್ತಿದ್ದವಳು. ತೆರೆಯ ಮೇಲೆ ಯಾರದೋ ತುಟಿ, ಕತ್ತಲ ಕೋಣೆಯಲ್ಲಿ ನನ್ನ ಗಂಟಲು. ಒಂದು ಚಿತ್ರದಲ್ಲಿ ಗಿರಣಿಯ ಯಜಮಾನಿ ಬರುತ್ತಾಳೆ. ಕಥೆಯ ವಿಲನ್ ಅವಳೇ. ಸರಕು ಮುಗಿಯುವ ತನಕ ಕೆಲಸದ ಹೆಂಗಸರನ್ನು ಮನೆಗೆ ಬಿಡಬಾರದು ಅಂತ ಅವಳ ಹಟ. ಒಬ್ಬಳು ಮಗುವಿಗೆ ಹಾಲೂಡಿಸಬೇಕೆಂದು ಎದ್ದರೆ, ಯಜಮಾನಿ ಅವಳ ಕೆನ್ನೆ ಸವರಿ ಹೇಳುತ್ತಾಳೆ: "ನಾವೆಲ್ಲಾ ಒಂದೇ ಮನೆಯೋರು. ಮನೆಯೋರು ಗಡಿಯಾರ ನೋಡಲ್ಲ." ಹೇಳಿ ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿಸುತ್ತಾಳೆ. ಒಳಗೆ ಬೆಂಕಿ ಬೀಳುತ್ತದೆ. ಒಬ್ಬರೂ ಉಳಿಯುವುದಿಲ್ಲ.

ಆ ಮಾತನ್ನು ನಾನು ಮೊದಲು ಗದರಿಸಿಯೇ ಹೇಳಿದ್ದೆ. ನಿರ್ದೇಶಕರು ತಡೆದರು. "ಬೈಯೋ ಹಾಗೆ ಬೇಡಮ್ಮ. ಮಗು ಮಲಗಿಸೋ ಹಾಗೆ ಹೇಳಿ. ಎಷ್ಟು ಪ್ರೀತಿ ಕೇಳಿಸುತ್ತೋ ಅಷ್ಟು ಭಯ ಆಗ್ಬೇಕು" ಎಂದರು. ಆಗ ನನ್ನ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಅವಳನ್ನು ಮಲಗಿಸುವ ಧ್ವನಿಯನ್ನೇ ತಂದು ಮೈಕಿನ ಮುಂದೆ ಇಟ್ಟೆ. ಚಿತ್ರಮಂದಿರದಲ್ಲಿ ಜನ ಉಸಿರು ಬಿಗಿಹಿಡಿದು ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ.

ವರ್ಷಗಳಾದ ಮೇಲೆ ಎಲ್ಲರ ಕೈಗೂ ಮೊಬೈಲ್ ಫೋನುಗಳು ಬಂದವು. ಯಾವನೋ ಮಹಾನುಭಾವ ಆ ದೃಶ್ಯವನ್ನು ಬೀಗಕ್ಕೆ ಮುಂಚೆಯೇ ಕತ್ತರಿಸಿ, ಹಿಂದೆ ಕೊಳಲು ಸೇರಿಸಿ ಊರಿಗೆಲ್ಲ ಹರಿಯಬಿಟ್ಟ. ಅಷ್ಟೇ ಸಾಕಾಯಿತು. ಟೀ ಕಪ್ಪಿನ ಮೇಲೆ ಆ ಮಾತು, ಬನಿಯನ್ನಿನ ಮೇಲೆ ಆ ಮಾತು. ಎದುರುಮನೆಯ ನಿವೃತ್ತ ಮೇಷ್ಟ್ರು ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಅದನ್ನೇ ಕಳಿಸುತ್ತಾರೆ. "ಅದು ಕೊಲೆಗಾತಿ ಆಡೋ ಮಾತು ಮೇಷ್ಟ್ರೇ" ಎಂದರೆ, "ಯಾರು ಹೇಳಿದ್ರೇನಮ್ಮ, ಒಳ್ಳೇ ಮಾತಲ್ವಾ?" ಅಂತ ನನಗೇ ಪಾಠ. ಇಂಥವರಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ.

ಇದೆಲ್ಲವನ್ನೂ ನುಂಗಿಕೊಂಡಿದ್ದೆ. ನುಂಗಲಾಗದ್ದು ನನ್ನ ಮಗಳ ಕೈ.

ಅವಳು ಪರದೆ ಹೊಲಿಯುವ ಕಾರ್ಖಾನೆಯಲ್ಲಿದ್ದಾಳೆ. ಉದ್ದುದ್ದ ಬಟ್ಟೆಯನ್ನು ಎಳೆದೆಳೆದು ಅಂಚು ಹೊಲಿಯುವ ಕೆಲಸ. ಬಲಗೈಯ ಬೆರಳುಗಳು ಜೋಮು ಹಿಡಿಯತೊಡಗಿದವು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ದಿನಾ ಸಂಜೆ ಬಂದು ಚಿಕಿತ್ಸೆ ಮಾಡಿಸಿಕೊಳ್ಳದಿದ್ದರೆ ಹಿಡಿತವೇ ಹೋಗುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಚಿಕಿತ್ಸೆಯ ಕೋಣೆ ಏಳಕ್ಕೆ ಮುಚ್ಚುತ್ತದೆ. ಇವಳ ಕೆಲಸ ಆರಕ್ಕೆ ಮುಗಿಯಬೇಕು. ಆದರೂ ಒಂದು ಸಂಜೆಯೂ ಹೋಗಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ನೀರಿನ ಲೋಟ ಅವಳ ಕೈಯಿಂದ ಜಾರಿ ಬಿತ್ತು.

"ಯಾಕೆ ಹೋಗ್ತಿಲ್ಲ ಅಂತ ಕೇಳ್ತಿದೀನಿ" ಎಂದೆ.

"ಯಾರೂ ಏಳಲ್ಲ ಅಮ್ಮ. ನಾನೊಬ್ಳೇ ಹೇಗೆ ಏಳ್ಲಿ?"

"ಕೈಗಿಂತ ಅದು ಹೆಚ್ಚಾ?"

ಅವಳು ತಲೆ ತಗ್ಗಿಸಿ ನೆಲ ಒರೆಸುತ್ತಿದ್ದಳು. "ಆರು ಗಂಟೆಗೆ ಸರಿಯಾಗಿ ಸ್ಪೀಕರಲ್ಲಿ ನಿನ್ನ ಡೈಲಾಗ್ ಹಾಕ್ತಾರೆ. ಬೇರೆಯೋರಿಗೆ ಅದು ಸಿನಿಮಾ. ನಂಗೆ ನೀನೇ ಬಂದು ಕೂತ್ಕೋ ಅಂದ ಹಾಗಿರುತ್ತೆ. ಎದ್ದವಳು ಹಾಗೇ ಕೂತುಬಿಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಅವಳನ್ನು ಮಲಗಿಸಿದ ಧ್ವನಿಯಿಂದಲೇ ಅವಳನ್ನು ಕಟ್ಟಿಹಾಕಿದ್ದರು.

ಮರುದಿನ ಸಂಜೆ ಕಾರ್ಖಾನೆಗೆ ಹೋದೆ. ಮಾಲೀಕ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವನಿರಬೇಕು, ನಗುಮುಖ. ಆ ನಗು ಕಂಡು ನನ್ನ ಸಿಟ್ಟು ಇನ್ನಷ್ಟು ಏರಿತು. ನಾನು ಯಾರೆಂದು ತಿಳಿದದ್ದೇ ಕುರ್ಚಿ ಬಿಟ್ಟು ಎದ್ದು ಬಂದ.

"ಆ ಧ್ವನಿ ನಿಮ್ದಾ ಅಮ್ಮ? ನಾನು ಈ ಕಾರ್ಖಾನೆ ಶುರು ಮಾಡಿದ್ದೇ ಆ ಮಾತು ಕೇಳಿ."

"ಆ ಸಿನಿಮಾ ನೋಡಿದೀರಾ?"

"ಪೂರ್ತಿ ನೋಡೋಕೆ ಎಲ್ಲಿ ಟೈಮು? ಆ ಸೀನ್ ಮಾತ್ರ ಬಾಯಿಪಾಠ."

"ಅದನ್ನ ಹೇಳಿ ಅವಳು ಹೆಂಗಸರನ್ನ ಒಳಗೆ ಕೂಡಿಹಾಕಿ ಬೀಗ ಹಾಕಿಸ್ತಾಳಪ್ಪ. ಅವರೆಲ್ಲ ಸುಟ್ಟುಹೋಗ್ತಾರೆ. ನೀವು ಅದನ್ನು ಹಾಕೋದು ನಿಲ್ಲಿಸ್ಬೇಕು."

ಅವನು ಮಗುವಿನ ಮಾತು ಕೇಳಿದವನಂತೆ ನಕ್ಕ. "ಅದು ಕಥೇಲಿ ಅಮ್ಮ. ನಮಗೆ ಭಾವನೆ ಮುಖ್ಯ. ಬಂದಿದ್ದೀರಿ, ಎಲ್ಲರ ಮುಂದೆ ಒಂದ್ಸಲ ಹೇಳಿಬಿಡಿ. ಇವತ್ತು ಹಳೇ ರೆಕಾರ್ಡಿಂಗ್ ಹಾಕೋದು ಬೇಡ."

ಕಲ್ಲಿನ ಮುಂದೆ ಅತ್ತ ಹಾಗಾಯಿತು. ಎದ್ದು ಮನೆಗೆ ಬಂದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಗಾಜಿನಾಚೆ ಮಗಳು ಕಂಡಳು. ಬಲಗೈಯನ್ನು ಎಡಗೈಯಿಂದ ಎತ್ತಿ ಬಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. "ಆಯ್ತು, ಹೇಳ್ತೀನಿ" ಎಂದೆ.

ಆರು ಗಂಟೆಗೆ ನನ್ನನ್ನು ಹೊಲಿಗೆಯ ಹಾಲಿಗೆ ಕರೆದೊಯ್ದು ಕೈಗೆ ಮೈಕು ಕೊಟ್ಟ. ತಾನು ಫೋನು ಹಿಡಿದು ಚಿತ್ರೀಕರಣಕ್ಕೆ ನಿಂತ. ಯಂತ್ರಗಳ ಸದ್ದು ಇಳಿಯಿತು. ಮಗಳ ಮುಖದಲ್ಲಿ ರಕ್ತವಿರಲಿಲ್ಲ. ತಾಯಿಯೂ ಅವರ ಜೊತೆ ಸೇರಿಕೊಂಡಳು ಅಂದುಕೊಂಡಳೇನೋ.

ನಾನು ಹೇಳಿದೆ. ಅದೇ ಧ್ವನಿ, ಅದೇ ನಿಧಾನ. "ನಾವೆಲ್ಲಾ ಒಂದೇ ಮನೆಯೋರು. ಮನೆಯೋರು ಗಡಿಯಾರ ನೋಡಲ್ಲ." ಹೆಂಗಸರು ಖುಷಿಯಿಂದ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ತನಕ ಕಾದೆ.

"ಇದನ್ನ ಹೇಳಿದವಳು ಆಮೇಲೆ ಬಾಗಿಲಿಗೆ ಬೀಗ ಹಾಕಿಸಿದ್ಲು. ಆ ಭಾಗ ನಿಮಗೆ ಯಾರೂ ತೋರಿಸಿಲ್ಲ. ಇದು ಸಿನಿಮಾದ ಮಾತು, ಕಾಸು ತಗೊಂಡು ಹೇಳಿದ್ದು. ಈಗ ನನ್ನ ಸ್ವಂತ ಮಾತು ಹೇಳ್ತೀನಿ."

ಇಸ್ತ್ರಿ ಮೇಜಿನ ಬಳಿ ನಿಂತಿದ್ದ ಹಿರಿಯಳೊಬ್ಬಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ನಾನು ಮಗಳನ್ನೇ ನೋಡುತ್ತ, ತೊಟ್ಟಿಲ ಪಕ್ಕ ಕೂತವಳ ಧ್ವನಿಯಲ್ಲೇ ಹೇಳಿದೆ. "ಏಳು ಕಂದಾ. ಹೊತ್ತಾಯ್ತು. ಕೈ ತೋರಿಸ್ಕೊಂಡು ಬರೋಣ."

ಮಾಲೀಕ ಫೋನು ಇಳಿಸಲೂ ಇಲ್ಲ. "ಮೊದಲನೇದು ಅದ್ಭುತವಾಗಿ ಬಂತಮ್ಮ. ಕೊನೇದನ್ನ ಕಟ್ ಮಾಡ್ತೀನಿ" ಎಂದ.

ಮಗಳು ಎಡಗೈಯಿಂದ ಯಂತ್ರದ ಸ್ವಿಚ್ ಆರಿಸಿ ಎದ್ದು ನಿಂತಿದ್ದಳು. ಇಸ್ತ್ರಿಯವಳು ಚೀಲ ಹುಡುಕುತ್ತಿದ್ದಳು. ಆ ಸಾಲಿನಲ್ಲಿ ಇನ್ನೂ ಕೆಲವರು ಕುರ್ಚಿ ಹಿಂದಕ್ಕೆ ಸರಿಸಿದರು.

"ಕಟ್ ಮಾಡಪ್ಪ" ಎಂದು ಮೈಕನ್ನು ಅವನ ಕೈಗಿಟ್ಟೆ. "ಅದು ಯಾರಿಗೆ ಕೇಳಿಸ್ಬೇಕಿತ್ತೋ ಅವರಿಗೆ ಕೇಳಿಸಾಯ್ತು."