ಮುಚ್ಚದೆ ಬಂದ ಗುಂಡಿ

ಬಾಗಿಲು ತಟ್ಟಿದ್ದು ಓರ್ನೆಲಾ ಎಂದು ಕಿಟಕಿಯಿಂದ ಕಂಡ ಮೇಲೆ ಎಲ್ವಿಯೊ ನೇರ ಬಾಗಿಲಿಗೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಕಪಾಟಿನ ಮೇಲಿದ್ದ ಸಕ್ಕರೆ ಡಬ್ಬಿಯನ್ನು ಗೋಡೆಗೆ ತಾಗುವಷ್ಟು ಹಿಂದಕ್ಕೆ ತಳ್ಳಿ ಬಂದ. ಡಬ್ಬಿಯೊಳಗೆ ಏನಿದೆಯೆಂದು ಹೊರಗಿನವರಿಗೆ ಕಾಣುವಂತಿರಲಿಲ್ಲ. ಆದರೂ ತಳ್ಳಿದ.

"ನಿಮ್ಮಿಂದ ಒಂದು ಉಪಕಾರ ಆಗ್ಬೇಕು," ಎಂದಳು ಓರ್ನೆಲಾ ಹೊಸಿಲ ಆಚೆಯೇ ನಿಂತು. "ಅಪ್ಪನ ಹಲ್ಲು ಹುಡುಕಿಕೊಡ್ಬೇಕು."

"ಹಲ್ಲಾ?"

"ಕೆಳಗಿನ ಸೆಟ್ಟು. ಬಿದ್ದಾಗ ಬಾಯಿಂದ ಹಾರಿಹೋಗಿದೆ. ಒಳಗೆ ಲೋಹದ ಕಂಬಿ ಇದೆಯಂತೆ, ನಿಮ್ಮ ಮೆಷಿನ್‌ಗೆ ಸಿಗುತ್ತೆ ಅಲ್ವಾ? ಹೊಸದು ಮಾಡಿಸೋಕೆ ಎರಡು ತಿಂಗಳು ಅಂತಾರೆ. ಮೂರು ದಿನದಿಂದ ಬರೀ ಸೂಪು, ಮೆತ್ತನೆ ಮೀನು. ಭಾನುವಾರ ಕೆಂಡದ ಮೇಲೆ ಮಾಂಸ ಸುಡ್ದೇ ಇದ್ದ ಮನೆ ಅಲ್ಲ ನಮ್ದು."

"ಕಾಲು ಹೇಗಿದೆ?"

"ಎರಡು ಕಡೆ ಮುರಿದಿದೆ. ಪ್ಲಾಸ್ಟರ್ ಹಾಕಿದಾರೆ." ಅವಳ ದನಿ ಗಟ್ಟಿಯಾಯಿತು. "ಅಪ್ಪ ಬಿದ್ದ ಗುಂಡಿ ತೋಡಿದ್ದು ಗಾಳದ ಹುಳ ಮಾರೋ ರುಫೀನೊ. ತಾನಾಗೇ ಬಂದು ಒಪ್ಪಿಕೊಂಡ. ಪಾಪ ಅನ್ಸುತ್ತೆ, ಆದ್ರೆ ಬಿಡೋಳಲ್ಲ ನಾನು. ಸೋಮವಾರ ಬಂದರಿನ ಕಾವಲು ಠಾಣೆಗೆ ದೂರು ಕೊಡ್ತೀನಿ. ಇನ್ನು ಆ ದಡದಲ್ಲಿ ಅವನು ಒಂದು ಹುಳ ಅಗೆಯೋ ಹಾಗಿಲ್ಲ."

ಎಲ್ವಿಯೊ ತಲೆಯಾಡಿಸಿದ. ಯಾವ ಮಾತಿಗೆ ತಲೆಯಾಡಿಸಿದೆನೆಂದು ಆಮೇಲೆ ಯೋಚಿಸಿದಾಗ ಅವನಿಗೇ ತಿಳಿಯಲಿಲ್ಲ. "ಮಧ್ಯಾಹ್ನ ನೀರು ಇಳಿಯುತ್ತೆ," ಎಂದ. "ಹೋಗ್ತೀನಿ."

ಆ ಗುಂಡಿ ತೋಡಿದ್ದು ಎಲ್ವಿಯೊ.

ಕಳೆದ ವಾರದ ಕೊನೆಯಲ್ಲಿ ಎರಡು ದಿನ ಆಗ್ನೇಯ ಗಾಳಿ ಬೀಸಿತ್ತು. ಅಂಥ ಗಾಳಿ ನಿಂತ ಮೇಲೆ ಕೆಕೆನ್ ಬಂದರಿನಲ್ಲಿ ಮೆಟಲ್ ಡಿಟೆಕ್ಟರ್ ಇರುವ ಯಾರೂ ಮನೆಯಲ್ಲಿ ಕೂರುವುದಿಲ್ಲ. ಕಡಲು ದಡದ ಮರಳನ್ನೆಲ್ಲ ಬಾಚಿ ಒಯ್ದು, ಅಡಿಯ ಜೇಡಿಗಲ್ಲಿನ ಹಾಸನ್ನು ಬತ್ತಲೆ ಮಾಡಿರುತ್ತದೆ. ಬೇಸಿಗೆಯಲ್ಲಿ ಈಜಲು ಬಂದವರು ಕಳೆದುಕೊಂಡ ಉಂಗುರ, ಸರ, ಪದಕಗಳು ಮರಳಿನಡಿ ಇಳಿಯುತ್ತ ಇಳಿಯುತ್ತ ಕೊನೆಗೆ ಬಂದು ಕೂರುವುದು ಆ ಹಾಸಿನ ಮೇಲೆಯೇ. ಐಸ್ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಸೋಮವಾರ ಎಲ್ವಿಯೊ ಬಂದರಿನ ಅಲೆಗಳ ತಡೆಗೋಡೆಯ ಬದಿಗೆ ಹೋದ. ಮೂರು ಗಂಟೆಯ ಹೊತ್ತಿಗೆ ಹೆಡ್‌ಫೋನಿನಲ್ಲಿ ಆ ದನಿ ಕೇಳಿತು. ಡಬ್ಬಿಯ ಮುಚ್ಚಳ ಕೀರಲು ಕೂಗುತ್ತದೆ, ಮೊಳೆ ಗೊರಗೊರ ಅನ್ನುತ್ತದೆ. ಇದು ಎರಡೂ ಅಲ್ಲ. ತುಂಬಿದ ಗಂಟಲಿನಿಂದ ಬಂದಂಥ ದನಿ.

ಜೇಡಿಗಲ್ಲಿನ ಒಂದು ಬಿರುಕಿನೊಳಗೆ ಸಿಕ್ಕಿಕೊಂಡಿತ್ತು. ಹೆಚ್ಚುಕಡಿಮೆ ಮೊಣಕಾಲಿನಷ್ಟು ಆಳ ಅಗೆಯಬೇಕಾಯಿತು. ಅಗಲವಾದ, ಭಾರದ ಚಿನ್ನದ ಉಂಗುರ. ಒಳಗೆ ಹೆಸರಿಲ್ಲ, ತಾರೀಕಿಲ್ಲ. ಹೆಸರಿದ್ದರೆ ರುಫೀನೊವಿನ ಅಂಗಡಿಯ ಹಲಗೆಗೆ ಚೀಟಿ ಅಂಟಿಸಬೇಕು, ಇಲ್ಲದಿದ್ದರೆ ಸಿಕ್ಕವನದು. ಅಲ್ಲಿ ಹುಡುಕುವ ಎಂಟು ಜನರೂ ಒಪ್ಪಿಕೊಂಡು ಬಂದಿದ್ದ ಕಟ್ಟುಪಾಡು ಅದು. ಅವರದೇ ಇನ್ನೊಂದು ಕಟ್ಟೂ ಇತ್ತು. ತೋಡಿದ ಗುಂಡಿಯನ್ನು ಮುಚ್ಚಿ, ಹಿಮ್ಮಡಿಯಿಂದ ಎರಡು ಸಲ ತುಳಿದು, ಆಮೇಲೆಯೇ ಅಲ್ಲಿಂದ ಹೆಜ್ಜೆ ತೆಗೆಯಬೇಕು. ಹೊಸಬರಿಗೆ ಈ ಮಾತನ್ನು ಹೇಳಿಕೊಡುತ್ತಿದ್ದವನು ಎಲ್ವಿಯೊನೇ.

ಅಂದು ಅವನು ಉಂಗುರವನ್ನು ಬಾಯಿಗೆ ಹಾಕಿಕೊಂಡ. ಜೇಬಿನಲ್ಲಿಟ್ಟರೆ ಬಿದ್ದೀತೆಂಬ ಭಯ. ನಾಲಿಗೆಯಡಿ ಉಪ್ಪು, ತಣ್ಣನೆಯ ಭಾರ. ತಿರುಗಿ ನೋಡಿದಾಗ ಗುಂಡಿ ಕಂಡಿತು. ಉಬ್ಬರ ಬರುತ್ತದೆ, ನೀರೇ ತುಂಬಿಸುತ್ತದೆ ಅಂದುಕೊಂಡ. ಮರಳಾಗಿದ್ದರೆ ಹಾಗೇ ಆಗುತ್ತಿತ್ತು. ಮರಳಿಗೆ ಒಂದು ಅಲೆ ಸಾಕು. ಆದರೆ ಇದು ಮರಳಲ್ಲ, ಜೇಡಿಗಲ್ಲು, ನೀರು ತುಂಬೀತೇ ಹೊರತು ಗುಂಡಿ ಮುಚ್ಚುವುದಿಲ್ಲ ಎಂದು ಹದಿನೇಳು ವರ್ಷದಿಂದ ಆ ದಡ ಕೆದಕಿದವನಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತು. ಬಾಯಲ್ಲಿ ಉಂಗುರ ಇಟ್ಟುಕೊಂಡು ಮನೆಗೆ ನಡೆದು, ಅದನ್ನು ಸಕ್ಕರೆ ಡಬ್ಬಿಯೊಳಗೆ ಹುದುಗಿಸಿಟ್ಟ.

ಮಂಗಳವಾರ ಬೆಳಿಗ್ಗೆ, ಎಂದಿನಂತೆ ಬರಿಗಾಲಲ್ಲಿ ನೀರಂಚಿನಲ್ಲಿ ನಡೆಯುತ್ತಿದ್ದ ಓರ್ನೆಲಾಳ ಅಪ್ಪ ದೋನ್ ಅನ್ಸೆಲ್ಮೊ, ನೊರೆ ತುಂಬಿದ ಒಂದು ಸಣ್ಣ ಹೊಂಡ ಅಂದುಕೊಂಡು ಕಾಲಿಟ್ಟರು.

*

ಎಪ್ಪತ್ತೊಂಬತ್ತರ ಮುದುಕರು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು, ಪ್ಲಾಸ್ಟರ್ ಹಾಕಿದ ಕಾಲನ್ನು ಬಿಯರ್ ಬಾಟಲಿಯ ಖಾಲಿ ಪೆಟ್ಟಿಗೆಯ ಮೇಲೆ ಚಾಚಿದ್ದರು. ಕೆಳಹಲ್ಲಿಲ್ಲದೆ ಗಲ್ಲ ಮೂಗಿನ ಹತ್ತಿರಕ್ಕೆ ಬಂದಿತ್ತು.

"ಬಾರಪ್ಪ, ಬಾ. ಈ ಊರಲ್ಲಿ ಎಲ್ಲರೂ ಚಿನ್ನ ಹುಡುಕೋರೇ. ನನ್ನ ಹಲ್ಲು ಹುಡುಕೋಕೆ ಒಬ್ಬನಾದ್ರೂ ಬಂದ್ಯಲ್ಲ."

ಚಿನ್ನ ಎಂಬ ಮಾತಿಗೆ ಎಲ್ವಿಯೊನ ಕಿವಿ ಬಿಸಿಯಾಯಿತು. ಮುದುಕರು, ಚಹಾದಂತೆ ಎಲ್ಲರೂ ಸರದಿಯಲ್ಲಿ ಹೀರುವ ಮಾಟೆಯ ಎಲೆ ತುಂಬಿದ ಸೋರೆಬುರುಡೆಗೆ ಬಿಸಿನೀರು ಹೊಯ್ದು, ಕೊಳವೆಯನ್ನು ಅವನತ್ತ ತಿರುಗಿಸಿ ಕೊಟ್ಟರು.

"ಎಲ್ಲಿ ಬಿದ್ರಿ ಅಂತ ಸರಿಯಾಗಿ ಹೇಳಿ," ಎಂದ ಎಲ್ವಿಯೊ. ತನ್ನ ದನಿ ತನಗೇ ನಾಟಕದಂತೆ ಕೇಳಿಸಿತು.

"ಗೋಡೆ ತಿರುಗೋ ಕಡೆ. ಕಡಲಸಿಂಹಗಳು ಮಲಗ್ತಾವಲ್ಲ, ಅದರಿಂದ ಒಂದೈವತ್ತು ಹೆಜ್ಜೆ. ಕಾಲು ಇಳೀತು, ಮುಖ ನೆಲಕ್ಕೆ ಬಡೀತು. ಒಂದು ಕಡಲಸಿಂಹ ತಲೆ ಎತ್ತಿ ನೋಡಿ ಮತ್ತೆ ಮಲಗ್ತು, ಕಳ್ಳ ನನ್ ಮಗಂದು."

ಬಾಗಿಲು ದೂಡಿಕೊಂಡು ರುಫೀನೊ ಬಂದ. ಬಂದರಿನ ಬಾಗಿಲಲ್ಲಿ ಗಾಳದ ಹುಳ ಮಾರುವ ಅಂಗಡಿ ಅವನದು. ದಪ್ಪ ಕನ್ನಡಕ, ಕೈಯಲ್ಲಿ ಕಾಗದದ ಪೊಟ್ಟಣ.

"ಮುಳ್ಳು ತೆಗೆದಿದೀನಿ, ದೋನ್ ಅನ್ಸೆಲ್ಮೊ. ಒಂದೊಂದೇ ಬೆರಳಲ್ಲಿ ಮುಟ್ಟಿ ನೋಡಿದೀನಿ."

"ನೋಡೋ ಎಲ್ವಿಯೊ! ಕಾಲು ಮುರಿದ್ರೆ ದಿನಾ ಮನೆ ಬಾಗಿಲಿಗೆ ಮೀನು ಬರುತ್ತೆ ಅಂತ ಗೊತ್ತಿದ್ರೆ ವರ್ಷಕ್ಕೊಂದ್ಸಲ ಬೀಳ್ತಿದ್ದೆ."

ರುಫೀನೊ ನಗಲಿಲ್ಲ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟು ಕೂತ. "ಸೋಮವಾರ ಬೆಳಿಗ್ಗೆ ನಾನು ಅಲ್ಲೇ ಹುಳಕ್ಕೆ ಅಗೆದಿದ್ದೆ," ಎಂದ ಎಲ್ವಿಯೊನ ಕಡೆ ತಿರುಗಿ, ಅವನು ಕೇಳದಿದ್ದರೂ. "ಮುಚ್ಚಿದ್ದೆ ಅಂತ್ಲೇ ನೆನಪು. ಆದ್ರೆ ನನ್ ಕಣ್ಣು ನಿನಗೆ ಗೊತ್ತಲ್ಲ. ನಾಲ್ಕು ತೋಡಿದ್ದೆ, ಮೂರು ಮುಚ್ಚಿದ್ನೋ ಏನೋ. ರಾತ್ರಿಯೆಲ್ಲ ಎಣಿಸ್ತಾ ಮಲಗ್ತೀನಿ, ಮಾರಾಯ. ಒಂದ್ಸಲ ನಾಲ್ಕು ಅನ್ಸುತ್ತೆ, ಒಂದ್ಸಲ ಮೂರು."

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಎಲ್ವಿಯೊನ ಬಾಯಿ ತೆರೆಯಿತು ಕೂಡ. ಕೊಳವೆಯನ್ನು ಬಾಯಿಗಿಟ್ಟುಕೊಂಡು, ಬುರುಡೆ ಬರಿದಾಗಿ ಸದ್ದು ಮಾಡುವವರೆಗೂ ಹೀರಿದ. ಹಿಂದಕ್ಕೆ ಕೊಡುವಾಗ "ಥ್ಯಾಂಕ್ಸ್" ಎಂದುಬಿಟ್ಟ. ಮಾಟೆಯ ಸರದಿಯಲ್ಲಿ ಹಾಗೆಂದರೆ ಇನ್ನು ಸಾಕು ಎಂದರ್ಥ.

"ಒಂದಕ್ಕೇ ಸಾಕಾಯ್ತಾ?" ಮುದುಕರು ಹುಬ್ಬೇರಿಸಿದರು. "ನನ್ನ ಮಾಟೆಗೆ ಏನಾಗಿದೆಯೋ?"

"ನೀರು ಇಳೀತಿದೆ, ಹೋಗ್ಬೇಕು."

"ನಾನೂ ಬರ್ತೀನಿ," ಎಂದು ರುಫೀನೊ ಎದ್ದ. "ನನ್ನಿಂದ ಕಳೆದುಹೋಗಿದ್ದು, ನಾನು ಹುಡುಕದೆ ಇರೋದು ಹೇಗೆ?"

*

ಅಂಗಡಿಯಿಂದ ಗುದ್ದಲಿ ತೆಗೆದುಕೊಂಡು ಬಂದ ರುಫೀನೊ ದಾರಿಯುದ್ದಕ್ಕೂ ಮಾತಾಡಿದ. ಅಂಗಡಿಗೆ ಬರುವವರು ಕಡಿಮೆಯಾಗಿದ್ದಾರಂತೆ. ಬಂದವರು "ನಿನ್ನ ಹತ್ರ ಹುಳ ತಗೊಂಡ್ರೆ ಪ್ಲಾಸ್ಟರ್ ಫ್ರೀನಾ?" ಎಂದು ಕೇಳುತ್ತಾರಂತೆ. ಎಲ್ವಿಯೊ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು, ಉದ್ದ ಹಿಡಿಯ ತೂತು ಸಲಿಕೆಯನ್ನು ಎಳೆದುಕೊಂಡು ಮುಂದೆ ನಡೆದ. ಆ ಸಲಿಕೆ ಅವನೇ ಮಾಡಿಕೊಂಡದ್ದು. ಒಂದು ಹಡಗಿನ ಅಡುಗೆಮನೆಯ ಸ್ಟೀಲ್ ಪಾತ್ರೆ ಕತ್ತರಿಸಿ, ತೂತು ಕೊರೆದು, ಬೆಸುಗೆ ಹಾಕಿದ್ದ. ಬೆಸುಗೆಯ ಕಡೆ ಒಂದು ಬದಿ ಚಪ್ಪಟೆ. ಬಂದರಿನಲ್ಲಿ ಇನ್ನೊಂದು ಅಂಥದ್ದಿರಲಿಲ್ಲ.

ಗುಂಡಿ ದೂರದಿಂದಲೇ ಕಂಡಿತು. ಮೂರು ದಿನದ ಉಬ್ಬರ ತಳಕ್ಕೆ ಒಂದಿಷ್ಟು ಮರಳು ಹಾಕಿತ್ತು, ಅಷ್ಟೆ. ದುಂಡಗಿನ ಬಾಯಿ, ಒಂದು ಬದಿ ಚಪ್ಪಟೆ. ರುಫೀನೊವಿನ ಗುದ್ದಲಿಯ ಗುಂಡಿ ಎಂದೂ ಹಾಗಿರುವುದಿಲ್ಲ. ಕಣ್ಣು ಮಂಜಾದವನಿಗೆ ಅದು ತಿಳಿಯಲಿಲ್ಲ.

ಎಲ್ವಿಯೊನ ಕಾಲು ತಾನಾಗಿಯೇ ಅದನ್ನು ಮುಚ್ಚಲು ಹೊರಟಿತು. ಮುಚ್ಚುವುದೇ ಕಟ್ಟು. ಆದರೆ ಈಗ ಮುಚ್ಚಿದರೆ, ತನ್ನ ಕೈಗುರುತನ್ನೇ ಅಳಿಸಿದಂತೆ. ಮುಚ್ಚದಿದ್ದರೆ ನಾಳೆ ಬೆಳಿಗ್ಗೆ ಇನ್ನೊಬ್ಬರ ಕಾಲು. ಎರಡರಲ್ಲಿ ಯಾವುದು ಹೆಚ್ಚು ತಪ್ಪು ಎಂದು ತೂಗುತ್ತಾ ನಿಂತ. ತೂಗುವುದೂ ಒಂದು ನೆವ ಎಂದು ಹೊಳೆದು ಇನ್ನಷ್ಟು ಕುಗ್ಗಿದ.

ಹಲ್ಲು ಎಲ್ಲಿರಬಹುದೆಂದು ಅವನಿಗೆ ಆಗಲೇ ಗೊತ್ತಿತ್ತು. ಹಿಂದೆ ಸರಿಯುವ ನೀರು ಭಾರದ ವಸ್ತುವನ್ನು ಹೊರಳಿಸುತ್ತ ಒಯ್ದು ಮೊದಲು ಸಿಕ್ಕ ತಗ್ಗಿಗೆ ಬೀಳಿಸುತ್ತದೆ. ಆ ಹಾಸಿನಲ್ಲಿ ಇದ್ದದ್ದು ಒಂದೇ ತಗ್ಗು. ಅದಕ್ಕೇ ಅವನು ಅಲ್ಲಿ ಹುಡುಕಲಿಲ್ಲ. ಗೋಡೆಯ ಬುಡದಿಂದ ಶುರುಮಾಡಿ, ಹಿಂದೆ ಮುಂದೆ, ಹಿಂದೆ ಮುಂದೆ, ಒಂದು ತಾಸು ಯಂತ್ರವನ್ನು ಬೀಸಿದ. ಮೂರು ಮೊಳೆ, ಒಂದು ಗಾಳದ ಸೀಸ, ತುಕ್ಕು ಹಿಡಿದ ಒಂದು ಚಮಚ ಸಿಕ್ಕವು. ಪ್ರತಿ ಸಲವೂ ರುಫೀನೊ ಓಡಿ ಬಂದು, ಬಗ್ಗಿ, "ಹಲ್ಲಾ?" ಎಂದು ಕೇಳಿದ. ಪ್ರತಿ ಸಲವೂ ಎಲ್ವಿಯೊ ತೋಡಿದ ಜಾಗವನ್ನು ಮುಚ್ಚಿ ಎರಡು ಸಲ ತುಳಿದ. ಅಷ್ಟು ಚೊಕ್ಕವಾಗಿ ಅವನು ಎಂದೂ ತುಳಿದಿರಲಿಲ್ಲ.

ನೀರು ತಿರುಗುವ ಹೊತ್ತಾಯಿತು.

"ಅಲ್ಲ, ಆ ಗುಂಡಿಯೊಳಗೇ ಯಾಕೆ ನೋಡಲ್ಲ ನೀನು?" ಎಂದ ರುಫೀನೊ. "ನಾನು ತೋಡಿದ್ದು ಅಂತ ದಾಕ್ಷಿಣ್ಯಾನಾ? ನೋಡು ಮಾರಾಯ, ನನಗೇನೂ ಬೇಜಾರಿಲ್ಲ."

ಇನ್ನು ತಪ್ಪಿಸಲು ಜಾಗ ಉಳಿದಿರಲಿಲ್ಲ. ಯಂತ್ರವನ್ನು ಗುಂಡಿಯ ಮೇಲೆ ಹಿಡಿದ. ಹೆಡ್‌ಫೋನಿನಲ್ಲಿ ಒಂದು ಗಡುಸು ದನಿ ಎದ್ದಿತು. ಸಲಿಕೆಯನ್ನು ಇಳಿಸಿದ. ಅದು ಗುಂಡಿಯ ಗೋಡೆಗೆ ಎಲ್ಲೂ ತಾಗದೆ, ಚಪ್ಪಟೆ ಬದಿಗೆ ಚಪ್ಪಟೆ ಬದಿ ಕೂಡಿ, ಮುಚ್ಚಳ ಕೂತ ಹಾಗೆ ಕೂತಿತು.

"ಅಬ್ಬ," ಎಂದ ರುಫೀನೊ. "ಅಳತೆ ತೆಗೆದು ಮಾಡಿದ ಹಾಗಿದೆಯಲ್ಲೋ."

ಮೆಚ್ಚಿ ಹೇಳಿದ ಮಾತು ಅದು. ಅದರಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಇದ್ದಿದ್ದರೆ ಎಲ್ವಿಯೊ ಏನಾದರೂ ನೆವ ಹೂಡುತ್ತಿದ್ದನೋ ಏನೋ.

"ನನ್ನದೇ," ಎಂದ.

"ಏನು?"

"ಗುಂಡಿ ನನ್ನದು, ರುಫೀನೊ. ಸೋಮವಾರ ಮಧ್ಯಾಹ್ನ ತೋಡಿದೆ. ಉಂಗುರ ಸಿಕ್ತು. ಮುಚ್ಚದೆ ಹೋದೆ. ನೀನು ನಾಲ್ಕೂ ಮುಚ್ಚಿದ್ದೆ."

ರುಫೀನೊ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡ. ಬಗ್ಗಿ ಗುಂಡಿಯ ಅಂಚನ್ನು ಬೆರಳಿನಿಂದ ಸುತ್ತ ಮುಟ್ಟಿ ನೋಡಿದ. ಚಪ್ಪಟೆ ಬದಿ ಬಂದಾಗ ಬೆರಳು ನಿಂತಿತು.

"ಮೂರು ದಿನ," ಎಂದ. "ಮೂರು ದಿನ ನಾನು ಮುಳ್ಳು ತೆಗೆದೆ. ನೀನು ಪಕ್ಕದಲ್ಲಿ ಕೂತು ಮಾಟೆ ಹೀರಿದೆ."

"ಹೇಳ್ಬೇಕು ಅಂತಲೇ ಇದ್ದೆ..."

"ಬಾಯಿ ಮುಚ್ಚು. ಹೇಳೋನು ಹೇಳ್ತಾನೆ." ಅವನ ದಪ್ಪ ಕತ್ತು ಕೆಂಪಾಗಿತ್ತು. "ಹಲ್ಲು ತೆಗಿ ಮೊದಲು. ನೀರು ಬರ್ತಿದೆ."

ಸಲಿಕೆಯ ತೂತುಗಳಿಂದ ಮರಳು ಸೋರಿ ಹೋಗಿ ಕೊನೆಗೆ ಉಳಿದದ್ದು ಗುಲಾಬಿ ಬಣ್ಣದ ವಸಡು, ಆರು ಹಲ್ಲು, ಹೊಳೆಯುವ ಕಂಬಿ. ಎಲ್ವಿಯೊ ಅದನ್ನು ಕಡಲ ನೀರಿನಲ್ಲಿ ತೊಳೆದು ಕರವಸ್ತ್ರದಲ್ಲಿ ಸುತ್ತಿದ. ಗುಂಡಿಯ ಬಾಯಿಗೆ ರುಫೀನೊ ತನ್ನ ಗುದ್ದಲಿ ನೆಟ್ಟು, ಯಾರೂ ಕಾಲಿಡದಂತೆ ಗುರುತಿಗೆ ಅದಕ್ಕೆ ತನ್ನ ಕೆಂಪು ಟೋಪಿ ಸಿಕ್ಕಿಸಿದ. "ಮುಚ್ಚಬೇಡ. ಹೇಳಿ ಬಂದು ಮುಚ್ಚು," ಎಂದ.

*

ದೋನ್ ಅನ್ಸೆಲ್ಮೊ ಹಲ್ಲನ್ನು ಬಿಸಿನೀರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ದವಡೆ ಅತ್ತಿತ್ತ ಆಡಿಸಿದರು. ಮುಖ ತನ್ನ ಉದ್ದಕ್ಕೆ ಮರಳಿತು.

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ, ಎಲ್ವಿಯೊ! ಓರ್ನೆಲಾ, ಇವತ್ತು ಮಾಂಸ. ಇವರಿಬ್ಬರೂ ಇಲ್ಲೇ ಊಟ ಮಾಡ್ತಾರೆ."

ರುಫೀನೊ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅವನೇ ಹೇಳಿಬಿಟ್ಟಿದ್ದರೆ ಎಲ್ವಿಯೊಗೆ ಸುಲಭವಾಗುತ್ತಿತ್ತು.

ಎಲ್ವಿಯೊನೇ ಹೇಳಿದ. ಗಾಳಿ, ಉಂಗುರ, ಬಾಯಲ್ಲಿ ಇಟ್ಟುಕೊಂಡು ನಡೆದದ್ದು, ನೀರೇ ಮುಚ್ಚೀತು ಅಂದುಕೊಂಡದ್ದು, ಮೂರು ದಿನ ಸುಮ್ಮನಿದ್ದದ್ದು. ಮಾತು ಹೆಚ್ಚಾಯಿತೆಂದು ಅನ್ನಿಸಿದರೂ ನಿಲ್ಲಿಸಲಾಗಲಿಲ್ಲ. ಗೋಡೆಯ ಬುಡದಲ್ಲಿ ಬೇಕೆಂದೇ ಒಂದು ತಾಸು ಹುಡುಕಿದ್ದನ್ನೂ ಹೇಳಿದ.

ಓರ್ನೆಲಾ ಬಾಣಲೆಯನ್ನು ಒಲೆಯ ಮೇಲೆ ಇಟ್ಟ ಸದ್ದು ಜೋರಾಗಿ ಕೇಳಿತು. "ನಿಮ್ಮ ಹೊಸಿಲಲ್ಲಿ ನಿಂತು ಕಾಲು ಹೇಗಿದೆ ಅಂತ ಕೇಳಿದ್ರಿ ನೀವು," ಎಂದಳು. "ರುಫೀನೊ ಬಗ್ಗೆ ನನ್ನ ಬಾಯಲ್ಲಿ ಏನೇನು ಹೇಳಿಸಿದ್ರಿ."

ಮುದುಕರು ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು. ಒಂದಿಷ್ಟು ಹೊತ್ತು ಅದನ್ನೇ ನೋಡಿದರು. ಮತ್ತೆ ಹಾಕಿಕೊಂಡರು.

"ದೇವರು ಚೆನ್ನಾಗಿಟ್ಟಿರ್ಲಿ ಅಂದೆನಲ್ಲ, ಅದನ್ನ ವಾಪಸ್ ತಗೊಂಡಿದೀನಿ," ಎಂದರು.

"ಆ ಉಂಗುರ ತಂದು ಕೊಡ್ಲಾ?"

"ನನಗ್ಯಾಕೆ? ನಾನು ಕಳೆದಿದ್ದು ಹಲ್ಲು."

ಅವರು ಬುರುಡೆಗೆ ನೀರು ಹೊಯ್ದು ರುಫೀನೊಗೆ ಕೊಟ್ಟರು. ಅದು ಹಿಂದೆ ಬಂದಾಗ ತುಂಬಿಸಿ ಓರ್ನೆಲಾಗೆ. ಆಮೇಲೆ ತಾವು. ಆಮೇಲೆ ಮತ್ತೆ ರುಫೀನೊಗೆ. ಎಲ್ವಿಯೊ ಮಧ್ಯದಲ್ಲೇ ಕೂತಿದ್ದ, ಬುರುಡೆ ಅವನ ಎದೆಯ ಮುಂದಿನಿಂದ ಹಾದು ಹೋಯಿತು. ಮೂರನೆಯ ಸುತ್ತಿಗೆ ಅವನು ಎದ್ದ.

ಬಾಗಿಲು ದಾಟುವಾಗ ಮುದುಕರ ದನಿ ಬಂತು. "ನಾಳೆಯಿಂದ ಮೀನು ನೀನು ತಾ. ಪ್ಲಾಸ್ಟರ್ ಬಿಚ್ಚೋವರೆಗೂ. ರುಫೀನೊ ಮನೆಗೂ ಒಂದು ಪೊಟ್ಟಣ."

"ಆಗ್ಲಿ, ದೋನ್ ಅನ್ಸೆಲ್ಮೊ."

"ಮುಳ್ಳು ತೆಗೀಬೇಕು. ಹಲ್ಲಿದೆ ಅಂತ ಬಿಟ್ಟೀಯ."

*

ಅವನು ತಡೆಗೋಡೆಯ ತಿರುವಿಗೆ ಬಂದಾಗ ಬಿಸಿಲು ಇನ್ನೂ ಇತ್ತು. ಅಲೆ ಗುಂಡಿಯಿಂದ ಹತ್ತು ಹೆಜ್ಜೆ ಆಚೆಗಿತ್ತು. ಕೆಂಪು ಟೋಪಿಯನ್ನು ತೆಗೆದು ಜೋಪಾನವಾಗಿ ಅಂಗಿಯೊಳಗೆ ಇಟ್ಟುಕೊಂಡ. ಮರಳು ಹಾಕಿದರೆ ನೀರು ಒಯ್ದೀತು. ಗೋಡೆಯ ಬುಡದಿಂದ ಜೇಡಿಗಲ್ಲಿನ ಹೆಂಟೆಗಳನ್ನು ಹೊತ್ತು ತಂದು, ರುಫೀನೊವಿನ ಗುದ್ದಲಿಯ ಬೆನ್ನಿನಿಂದ ಜಜ್ಜಿ ಜಜ್ಜಿ ತುಂಬಿದ. ಹಿಮ್ಮಡಿಯಿಂದ ಎರಡು ಸಲ ತುಳಿದ. ಮೂರನೆಯ ಸಲವೂ ತುಳಿದ.

ಮೊದಲ ಅಲೆ ಬಂದು ಮೇಲೆ ಹಾದು ಹೋಯಿತು. ನೊರೆ ಸರಿದ ಮೇಲೆ ಅಲ್ಲಿ ಒಂದು ಸಣ್ಣ ತಗ್ಗು ಇದ್ದಂತೆ ಕಂಡಿತು. ಇಲ್ಲದಿರಲೂಬಹುದು. ಎಲ್ವಿಯೊ ಬೂಟು ಬಿಚ್ಚಿ ಗೋಡೆಯ ಮೇಲಿಟ್ಟು ಬಂದು, ಮುದುಕರು ನಡೆಯುವ ಹಾಗೆ ಬರಿಗಾಲಲ್ಲಿ, ಇಡೀ ಮೈಭಾರ ಬಿಟ್ಟು ಆ ಜಾಗದ ಮೇಲೆ ಕಾಲಿಟ್ಟ. ಹಿಂದಕ್ಕೆ ಹೋಗಿ ಇನ್ನೊಮ್ಮೆ ನಡೆದು ಬಂದು ಇಟ್ಟ. ನೀರು ಮೀನಖಂಡದವರೆಗೆ ಏರಿ, ನೆಲ ಕಾಣದಂತಾಗುವವರೆಗೂ ಅವನು ಅಲ್ಲಿಂದ ಹೊರಡಲಿಲ್ಲ.