ಹನುಮಕ್ಕನ ಮೈಮೇಲೆ ಬಂದದ್ದು

“ಅಮ್ಮ ಬಂದವ್ಳೆ! ಅಕ್ಕನ ಮೈಮೇಲೆ ಮಾರಮ್ಮ ಬಂದವ್ಳೆ ಕಣ್ರೋ!”

ಓರಗಿತ್ತಿ ಮುನಿತಾಯಮ್ಮನ ಕೂಗಿಗೆ ಹೇರೋಹಳ್ಳಿಯ ಬಾವಿಕಟ್ಟೆ ಸ್ತಬ್ಧವಾಯಿತು. ಹನುಮಕ್ಕ ಹಲ್ಲು ಕಚ್ಚಿದಳು. ಮತ್ತೆ ಅದೇ!

ನೀರು ಸೇದುವಾಗ ಅವಳ ಎದೆಯನ್ನು ಯಾರೋ ಹಿಂಡಿದಂತಾಗಿತ್ತು. ಮಡಿಲಿನ ಪುಟ್ಟ ಸೀಸೆಯಿಂದ ಮಾತ್ರೆಯೊಂದನ್ನು ತೆಗೆದು ನಾಲಿಗೆಯ ಕೆಳಗಿಟ್ಟಿದ್ದಳು. ನೋವು ಸಡಿಲಗೊಂಡಿತು, ಆದರೆ ಮುಖಕ್ಕೆ ಬಿಸಿ ನುಗ್ಗಿತು, ತಲೆ ಸಿಡಿಯತೊಡಗಿತು, ಮೈ ತೂಗಾಡಿತು.

ರಾಜಾಜಿನಗರದ ಹೊಸ ಬಡಾವಣೆಯ ಡಾಕ್ಟರ್ ಚನ್ನಕೇಶವ ಇದೆಲ್ಲವನ್ನೂ ಮೊದಲೇ ಹೇಳಿದ್ದರು. “ಮಾತ್ರೆಯ ಗುಣವೇ ಹಾಗೆ. ಹೆದರಿ ಬಿಡಬೇಡಿ. ಆದರೆ ಇಟ್ಟುಕೊಂಡ ಮೇಲೆ ನಿಲ್ಲಬೇಡಿ. ಕಣ್ಣು ಕತ್ತಲಿಟ್ಟರೆ ಮಲಗಿ, ಕಾಲು ಎತ್ತರಕ್ಕಿಡಿ.”

ಕೂರುವುದೆಲ್ಲಿ? ದೇವಿ ಬಂದವಳನ್ನು ನೆಲಕ್ಕೆ ಬಿಡುವ ಪದ್ಧತಿ ಊರಿನಲ್ಲಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಸಿಗುವವರೆಗೆ ಕಂಕುಳಿಗೆ ಕೈಕೊಟ್ಟು ನಿಲ್ಲಿಸಬೇಕು. ಕಳೆದ ಮಂಗಳವಾರವೂ ಹಾಗೆಯೇ ನಿಲ್ಲಿಸಿದ್ದರು. ಅವಳು ಪ್ರಜ್ಞೆ ತಪ್ಪಿ ಅವರ ಕೈಜಾರಿ ಬಿದ್ದು, ಹಣೆ ಕಲ್ಲಿಗೆ ಬಡಿದು ರಕ್ತ ಸುರಿದಾಗ, ಅಮ್ಮ ಹೊರಟಳೆಂದು ಕೈಮುಗಿದಿದ್ದರು. ಇಂದು ಬಿದ್ದರೆ ಹಿಂದೆ ಬಾವಿಯೇ ಇತ್ತು.

ಇಬ್ಬರು ಹೆಂಗಸರು ಅವಳ ತೋಳು ಹಿಡಿದೆತ್ತಿದರು. ಮೈದುನ ಬೆಟ್ಟಯ್ಯ ಓಡಿಬಂದು ಎದುರು ನಿಂತ.

“ತಾಯೀ, ಕಾರ್ಖಾನೆಯೋರು ಹೊಲ ಕೇಳ್ತಾವ್ರೆ. ಕೊಡಾನಾ, ಬ್ಯಾಡ್ವಾ? ಒಂದು ಮಾತು ಹೇಳು.”

ಒಂದೇ ಮಾತು! ದೇವಿಯ ದನಿಯಲ್ಲಿ “ಕೂರಿಸಿ” ಎಂದರೂ ಸಾಕು, ಕೂರಿಸುತ್ತಾರೆ. ಆದರೆ ಇಂದು ದೇವಿಯಾದವಳು ಪ್ರತಿ ನೋವಿಗೂ ದೇವಿಯಾಗಿ ನಿಲ್ಲಬೇಕಾಗುತ್ತದೆ. ಹನುಮಕ್ಕ ನಿರ್ಧರಿಸಿದಳು.

“ಅಮ್ಮ ಬಂದ್ರೆ ನಾನು ಬ್ಯಾಡ ಅಂತೀನೇನೋ? ಇದು ಮಾತ್ರೆ ಕಣೋ! ಕೂರಿಸ್ರೇ!”

“ಮಾತ್ರೆ ತಿಂದ್ರೆ ಯಾರಾದ್ರೂ ಹಿಂಗೆ ತೂಗಾಡ್ತಾರಾ? ಅಮ್ಮನ್ನ ಮುಚ್ಚಿಡಬ್ಯಾಡ ಅತ್ತಿಗೆ.”

“ಹಂಗಾದ್ರೆ ನೀನೂ ಒಂದು ನಾಲಿಗೆ ಕೆಳಗಿಟ್ಕೋ. ನಿನ್ ಮೈಮೇಲೆ ಯಾವ ದ್ಯಾವ್ರು ಬರ್ತದೋ ನೋಡಾನ.”

ಯಾರೋ ಕಿಸಕ್ಕನೆ ನಕ್ಕರು. “ಇಟ್ಕೋ ಬೆಟ್ಟಣ್ಣ! ಹೆದ್ರುಕೊಂಡ್ಯಾ?”

ಬೆಟ್ಟಯ್ಯ ಮೀಸೆ ತಿರುವಿ ಅವಳ ಕೈಯಲ್ಲಿದ್ದ ಸೀಸೆ ತೆಗೆದುಕೊಂಡ. “ಇಷ್ಟೇ ಇಷ್ಟು ಐತೆ, ಇದೇನು ಮಾಡ್ತದೆ?”

ಮಾತ್ರೆ ಬಾಯಿಗೆ ಹೋಯಿತು. ಹನುಮಕ್ಕನ ಕಣ್ಣಂಚಿನಿಂದ ಕತ್ತಲೆ ಒಳನುಗ್ಗುತ್ತಿತ್ತು. ಬಿದ್ದರೆ ವಾದವೂ ಬಿದ್ದಂತೆ. ತಲೆಯನ್ನು ಆದಷ್ಟು ತಗ್ಗಿಸಿ, ಮೀನಖಂಡಗಳನ್ನು ಬಿಗಿದು, ಬೆರಳುಗಳಿಂದ ರಾಟೆಯ ಕಂಬವನ್ನು ಅವಚಿ ಹಿಡಿದಳು. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಮೊಣಕಾಲು ಕುಸಿಯಿತು, ಹೆಂಗಸರು ಮತ್ತೆ ಎತ್ತಿದರು.

“ಏನೂ ಇಲ್ಲ, ಸಪ್ಪಗೈತೆ,” ಎಂದ ಬೆಟ್ಟಯ್ಯ ಮಾತು ನಿಲ್ಲಿಸಿದ. ಅವನ ಮುಖದ ಕೆಂಪು ಕೊರಳಿನಿಂದ ಕಿವಿಯವರೆಗೆ ಏರಿತು. ರುಮಾಲು ಕಿತ್ತೆಸೆದು ಎರಡು ಕೈಯಲ್ಲೂ ತಲೆ ಹಿಡಿದುಕೊಂಡ.

“ಅಯ್ಯಯ್ಯೋ, ನಮ್ಮನೆಯವರ ಮೈಮೇಲೂ...” ಮುನಿತಾಯಮ್ಮ ಶುರುಮಾಡಿದಳು.

“ಬಾಯ್ಮುಚ್ಚೇ! ತಲೆ ಒಡೆದೋಗ್ತದೆ, ಭೂಮಿ ತಿರುಗ್ತದೆ! ಬಿಡ್ರೇ ಅತ್ತಿಗೇನ, ಮಲಗಿಸ್ರೇ!”

ತೋಳು ಹಿಡಿದಿದ್ದ ಕೈಗಳು ಸಡಿಲಗೊಂಡವು. ಹನುಮಕ್ಕ ಚಪ್ಪಡಿಯ ಮೇಲೆ ಮೆಲ್ಲನೆ ಒರಗಿ, ಪಾದಗಳನ್ನು ಕಟ್ಟೆಯ ಮೇಲಕ್ಕೆ ಎತ್ತಿಟ್ಟಳು. ಕತ್ತಲೆ ನಿಧಾನವಾಗಿ ಹಿಂದೆ ಸರಿಯಿತು. ಪಕ್ಕದಲ್ಲೇ ಬೆಟ್ಟಯ್ಯ ಅಂಗಾತ ಬಿದ್ದಿದ್ದ.

“ಇದನ್ನ ಹೆಂಗೆ ತಡ್ಕೋತೀಯ ಅತ್ತಿಗೆ? ಬಿಟ್ಬಿಡು.”

“ಬಿಟ್ರೆ ಪ್ರಾಣ ಬಿಡಬೇಕು. ತಲೆನೋವು ಆಮೇಲೆ ತಾನೇ ಹೋಗ್ತದೆ. ನಾನು ಬಿಡಲ್ಲ.” ಅವಳು ಅವನ ಮುಷ್ಟಿಯಿಂದ ಸೀಸೆ ಬಿಡಿಸಿಕೊಂಡಳು. “ಮುನಿತಾಯೀ, ಇನ್ಮೇಲೆ ನನ್ ಮುಖ ಕೆಂಪಾದ್ರೆ ಏನು ಮಾಡ್ತೀಯ?”

ಮುನಿತಾಯಮ್ಮ ಗಂಡನನ್ನೊಮ್ಮೆ, ಓರಗಿತ್ತಿಯನ್ನೊಮ್ಮೆ ನೋಡಿದಳು.

“ಚಾಪೆ ಹಾಸ್ತೀನಿ ಅಕ್ಕ,” ಎಂದು, ತರಲು ಮನೆಯತ್ತ ಓಡಿದಳು.